ಮಗಳ ಫೋನಿನಲ್ಲಿ ನಾನಿಯ ಚಪ್ಪಾಳೆ



ಕೆ.ಆರ್. ಪುರದ ಸಹೋದರಿಯೊಬ್ಬರು ತಮ್ಮ ಮಗಳ ಬಗ್ಗೆ ಬರೆದಿದ್ದಾರೆ. ಹುಡುಗಿ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಶಾಲೆಯಿಂದ ಬಂದವಳೇ ಫೋನ್ ಹಿಡಿದು ಕೂರುತ್ತಾಳಂತೆ. ಚಾಟ್ ಮಾಡುವುದಿಲ್ಲ, ವಿಡಿಯೋ ನೋಡುವುದಿಲ್ಲ. ಬಾಗಿಲಿನ ಸದ್ದು, ಬೆಕ್ಕಿನ ಕೂಗು, ಮೆಟ್ರೋ ರೈಲಿನ ಸದ್ದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು ಪಿಯಾನೋದ ಹಾಗೆ ಬಾರಿಸುತ್ತಾಳಂತೆ. ಫೋನನ್ನು ಕಿತ್ತು ಬೀರುವಿನಲ್ಲಿ ಇಡಲೇ ಎಂದು ತಾಯಿ ಕೇಳಿದ್ದಾರೆ.

ಸಹೋದರಿ, ಕಳೆದ ವರ್ಷ ನೀವು ಕೇಳಿದ್ದರೆ 'ಕಿತ್ತಿಡಿ' ಎಂದೇ ಬರೆಯುತ್ತಿದ್ದೆ. ಈಗ ಹಾಗೆ ಬರೆಯಲಾರೆ. ಕಾರಣ ನಮ್ಮ ಮನೆಯಲ್ಲೇ ನಡೆದದ್ದು.

ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನನ್ನ ಅಮ್ಮ ಇದ್ದಾರೆ. ಒಂದು ಕಾಲದಲ್ಲಿ ಆ ಗಲ್ಲಿಯ ಯಾವ ಮದುವೆಯಲ್ಲೂ ಹೆಂಗಸರ ಮಧ್ಯೆ ಕೂತು ತಾಟು ಬಡಿದು, ಚಪ್ಪಾಳೆ ತಟ್ಟಿ ಹಾಡುತ್ತಿದ್ದವರು ಅವರೇ. ಈಗ ದನಿ ನಡುಗುತ್ತದೆ. ನನ್ನ ಅಕ್ಕನ ಮಗಳು ಒಂದು ದಿನ ಅಮ್ಮನಿಗೆ ತಿಳಿಯದಂತೆ ಆ ದನಿಯನ್ನು ಫೋನಿಗೆ ಹಿಡಿದಳು. ಈದ್ ದಿನ ಎಲ್ಲರ ಮುಂದೆ ಅದನ್ನು ಬಾರಿಸಿದಳು. ನಾನಿಯ ದನಿ ಗುಬ್ಬಚ್ಚಿಯ ಹಾಗೆ ಚಿಲಿಪಿಲಿ ಎಂದಿತು. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅಮ್ಮ ಎದ್ದು ಒಳಗೆ ಹೋದರು. ಆಮೇಲೆ ಅವರು ಗುನುಗುವುದನ್ನೇ ನಿಲ್ಲಿಸಿದರು.

ನಾನು ಹುಡುಗಿಗೆ ಬೈದೆ. ಅವಳು ಅಳುತ್ತಾ, "ಖಾಲಾ, ನಾನು ತಮಾಷೆ ಮಾಡಲಿಲ್ಲ. ಅದು ಯಾಕೆ ಹಾಗಾಯಿತು ಅಂತ ನನಗೇ ಗೊತ್ತಿಲ್ಲ" ಎಂದಳು. ಗೊತ್ತಿಲ್ಲ ಎಂಬ ಮಗುವಿಗೆ ಬೈದರೆ ಶಿಕ್ಷಕಿಯ ಕೆಲಸ ಮುಗಿಯುವುದಿಲ್ಲ. ಇಬ್ಬರೂ ಕೂತು ಕಲಿಯೋಣ ಎಂದೆ.

ವಾದ್ಯಗಳ ಕುರಿತು ನಮ್ಮ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ದಫ್ ಮತ್ತು ದನಿಯವರೆಗೆ ಸಾಕು ಎನ್ನುವ ಮನೆಗಳೂ ಇವೆ. ಅದನ್ನು ನಿಮ್ಮ ನಿಮ್ಮ ಮನೆಯಲ್ಲಿ ತೀರ್ಮಾನಿಸಿಕೊಳ್ಳಿ. ಈ ಅಂಕಣ ಫತ್ವಾ ಕೊಡುವುದಿಲ್ಲ. ಮಗು ಕೈಯಲ್ಲಿ ಹಿಡಿದಿರುವುದು ಏನೆಂದು ತಾಯಿಗೆ ತಿಳಿದಿರಲಿ ಎಂಬುದಷ್ಟೇ ನನ್ನ ಉದ್ದೇಶ.

ಒಂದಗುಳು ಅನ್ನ

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕಲ್ಲವೇ? 'ಸ್ಯಾಂಪಲ್' ಎಂದರೆ ಅಂಥದೇ ಒಂದಗುಳು, ಸದ್ದಿನ ಅಗುಳು. ಒಂದು ಸದ್ದನ್ನು ಹಿಡಿದು ಕೀಬೋರ್ಡಿನ ಎಲ್ಲ ಕೀಗಳಿಗೂ ಹಂಚುವ ಯಂತ್ರವೇ ಸ್ಯಾಂಪ್ಲರ್.

ಇದು ಇಂದಿನ ಯೋಚನೆಯಲ್ಲ. 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಪ್ರತಿ ಕೀಯ ಕೆಳಗೂ ಒಂದು ಟೇಪಿನ ತುಂಡು ಇರುತ್ತಿತ್ತು. ಒತ್ತಿ ಹಿಡಿದರೆ ಸುಮಾರು 8 ಸೆಕೆಂಡ್ ನುಡಿದು ನಿಲ್ಲುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯಾದ ಫೇರ್‌ಲೈಟ್ ಎಂಬ ಯಂತ್ರ ಇದೇ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸಿತು. ಸಾಮಾನ್ಯರ ಕೈಗೆ ಎಟುಕುವ ಬೆಲೆ ಅದರದಲ್ಲ. ಸರಿಸುಮಾರು ಅದೇ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲೂ ಒಂದು ಕೆಲಸ ನಡೆಯಿತು. ಹಲಸೂರು, ಇಂದಿರಾನಗರ ದಾಟಿ ಹೋದರೆ ಸಿಗುವ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ, ಕೊಳಲನ್ನೂ ಬಲ್ಲ ಜಿ. ರಾಜ್ ನಾರಾಯಣ್ ಅವರು ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿ ತಯಾರಿಸಿದರು. ಅಂಥ ಪೆಟ್ಟಿಗೆಗಳು ಮೊದಮೊದಲು ಸರ್ಕ್ಯೂಟಿನಿಂದಲೇ ನಾದ ಹುಟ್ಟಿಸುತ್ತಿದ್ದವು. ಮುಂದೆ ನಿಜವಾದ ತಂಬೂರಿಯ ನಾದವನ್ನೇ ಚಿಪ್ಪಿನಲ್ಲಿ ಹಿಡಿದಿಡುವ ಕಾಲ ಬಂತು. ಹುಟ್ಟಿಸಿದ ನಾದಕ್ಕೂ ಹಿಡಿದಿಟ್ಟ ನಾದಕ್ಕೂ ಇರುವ ವ್ಯತ್ಯಾಸ ಇದೇ. ಈಗ ಎರಡೂ ಮಗಳ ಫೋನಿನಲ್ಲಿವೆ.

ಗುಂಡಿಗಳ ಪಾಠ

ಆ್ಯಪ್ ತೆರೆದರೆ ಮೊದಲು ಕಾಣುವುದು ಬೆಟ್ಟ ಕಣಿವೆಯಂಥ ಒಂದು ಗೆರೆ. ಅದೇ ನೀವು ಹಿಡಿದ ಸದ್ದಿನ ಚಿತ್ರ. ಅದರ ಎರಡು ತುದಿಗಳಲ್ಲಿ 'ಸ್ಟಾರ್ಟ್' ಮತ್ತು 'ಎಂಡ್' ಎಂಬ ಹಿಡಿಗಳಿರುತ್ತವೆ. ಸೊಪ್ಪಿನ ಕಟ್ಟಿನ ಬೇರು, ಬಾಡಿದ ತುದಿ ಕತ್ತರಿಸುವ ಹಾಗೆ ಬೇಡದ ಭಾಗವನ್ನು ಇಲ್ಲಿ ಕತ್ತರಿಸಬೇಕು.

ಎರಡನೆಯದು 'ರೂಟ್ ಕೀ'. ಹಿಡಿದ ಸದ್ದು ಯಾವ ಕೀಯಲ್ಲಿ ಇದ್ದಂತೆಯೇ ಕೇಳಬೇಕು ಎಂಬುದನ್ನು ಇದು ಹೇಳುತ್ತದೆ. ಅದಕ್ಕಿಂತ ಮೇಲಿನ ಕೀ ಒತ್ತಿದರೆ ಸಾಧಾರಣ ಸ್ಯಾಂಪ್ಲರ್ ಅದೇ ಸದ್ದನ್ನು ಬೇಗ ಓಡಿಸುತ್ತದೆ. ಸ್ವರವೂ ಏರುತ್ತದೆ, ಅವಧಿಯೂ ಕುಗ್ಗುತ್ತದೆ. ಒಂದು ಸಪ್ತಕ ಮೇಲೆ ಹೋದರೆ ವೇಗ ಸರಿಯಾಗಿ ಎರಡರಷ್ಟು. ಮನುಷ್ಯರ ದನಿಯಾದರೆ ಬಾಯಿ, ಗಂಟಲಿನ ಗುರುತೂ ಅದರೊಂದಿಗೆ ಏರಿ, ದೊಡ್ಡವರ ದನಿ ಮಗುವಿನ, ಹಕ್ಕಿಯ ದನಿಯಾಗುತ್ತದೆ. ಇಲ್ಲಿಗೆ ಬಂದಾಗ ಹುಡುಗಿ ತಟ್ಟನೆ ನನ್ನ ಮುಖ ನೋಡಿದಳು. ನಾನಿ ಗುಬ್ಬಚ್ಚಿಯಾದದ್ದು ಹೀಗೆ! ಒಳ್ಳೆಯ ವಾದ್ಯ ಮಾಡುವವರು ಒಂದೇ ಸದ್ದನ್ನು ಎಲ್ಲ ಕೀಗಳಿಗೆ ಎಳೆಯುವುದಿಲ್ಲ. ಕೆಲವು ಕೀಗಳಿಗೊಂದು ಸದ್ದನ್ನು ಬೇರೆಯಾಗಿ ಹಿಡಿಯುತ್ತಾರೆ.

ಮೂರನೆಯದು 'ಲೂಪ್'. ಬಿಂದಿಗೆಯ ಬಾಯಿಗೆ ಊದಿದ 'ಹೂಂ' ಸದ್ದನ್ನು ಬೆರಳು ಎತ್ತುವವರೆಗೂ ಮುಂದುವರಿಸಬೇಕಾದರೆ ಮಧ್ಯದ ತುಂಡನ್ನು ಸುತ್ತು ಹಾಕಿಸಬೇಕು. ತುಂಡಿನ ಕೊನೆ ಮತ್ತು ಮೊದಲು ಒಂದೇ ಎತ್ತರದಲ್ಲಿ ಸೇರದಿದ್ದರೆ 'ಟಕ್ ಟಕ್' ಎನ್ನುತ್ತದೆ. ಗೆರೆ ನಡುರೇಖೆಯನ್ನು ದಾಟುವ ಜಾಗದಲ್ಲಿ ಕತ್ತರಿಸಿದರೆ ಆ ಟಕ್ ಬಹುಮಟ್ಟಿಗೆ ಹೋಗುತ್ತದೆ.

ಇನ್ನು ನಾಲ್ಕು ಗುಂಡಿಗಳು: ಅಟ್ಯಾಕ್, ಡಿಕೇ, ಸಸ್ಟೈನ್, ರಿಲೀಸ್. ನನಗೆ ಇಲ್ಲೇ ತಲೆ ಕೆಟ್ಟಿತು. ಕೊನೆಗೆ ಮನೆಗೆ ಬರುವ ನೆಂಟರನ್ನು ನೆನೆದಾಗ ಅರ್ಥವಾಯಿತು. ನೆಂಟರು ಒಳಗೆ ಬಂದು ಗದ್ದಲ ತಾರಕಕ್ಕೇರಲು ಹಿಡಿಯುವ ಸಮಯ ಅಟ್ಯಾಕ್. ಸಲಾಮು ಕುಶಲಗಳ ಆ ಗದ್ದಲ ತುಸು ಇಳಿಯಲು ಹಿಡಿಯುವ ಸಮಯ ಡಿಕೇ. ಆಮೇಲೆ ಕೂತಿರುವಷ್ಟು ಹೊತ್ತೂ ಒಂದೇ ಮಟ್ಟದಲ್ಲಿ ನಡೆಯುವ ಮಾತು ಸಸ್ಟೈನ್. 'ಹೊರಟೆವು' ಎಂದ ಮೇಲೆ ಸದ್ದು ಅಡಗಲು ಹಿಡಿಯುವ ಸಮಯ ರಿಲೀಸ್. ನಮ್ಮ ಹೆಂಗಸರ ರಿಲೀಸ್ ಎಷ್ಟು ಉದ್ದವೆಂದು ನಿಮಗೇ ಗೊತ್ತು, ಬಾಗಿಲಲ್ಲೇ ಅರ್ಧ ಗಂಟೆ! ಒಂದು ಮಾತು ನೆನಪಿಡಿ. ಮೂರು ಗುಂಡಿಗಳು ಸಮಯವನ್ನು ಹೇಳುತ್ತವೆ. ಸಸ್ಟೈನ್ ಮಾತ್ರ ಸಮಯವಲ್ಲ, ಸದ್ದಿನ ಮಟ್ಟ. ಹೊಸಬರು ಎಡವುವುದು ಇಲ್ಲೇ.

ಕೊನೆಯದು 'ಫಿಲ್ಟರ್'. ಪಕ್ಕದ ಕೋಣೆಯ ಬಾಗಿಲು ಮುಚ್ಚಿದರೆ ಒಳಗಿನ ಮಾತು ಮಂದವಾಗಿ ಕೇಳುತ್ತದಲ್ಲ, 'ಕಟ್ ಆಫ್' ಇಳಿಸಿದರೆ ಹಾಗಾಗುತ್ತದೆ. ಚೂಪು ಸದ್ದುಗಳು ತಡೆದು ನಿಲ್ಲುತ್ತವೆ, ದಪ್ಪ ಸದ್ದುಗಳು ದಾಟುತ್ತವೆ.

ಅಮ್ಮನ ಕಿವಿ

ಇಷ್ಟು ಕಲಿತ ಮೇಲೆ ಹುಡುಗಿ ಅಮ್ಮನ ಬಳಿ ಹೋಗಿ ಕ್ಷಮೆ ಕೇಳಿದಳು. ದನಿ ಯಾಕೆ ಹಾಗಾಯಿತೆಂದು ತೋರಿಸಿದಳು. ಈ ಸಲ ಸರಿಯಾಗಿ ಹಿಡಿಯಲೇ ಎಂದೂ ಕೇಳಿದಳು. ಅಮ್ಮ, "ದನಿ ಬೇಡ, ಅದು ನನ್ನದು. ಕೈ ಬೇಕಾದರೆ ತಗೋ" ಎಂದು ಚಪ್ಪಾಳೆ ತಟ್ಟಿದರು. ಸ್ಟೀಲ್ ತಾಟನ್ನೂ ಬಡಿದುಕೊಟ್ಟರು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ರೆಕಾರ್ಡ್ ಮಾಡಿದೆವು.

ಹುಡುಗಿ ಚೊಕ್ಕಟವಾಗಿ ಕತ್ತರಿಸಿ ಬಾರಿಸಿದಳು. ಅಮ್ಮ ತಲೆಯಾಡಿಸಿದರು. "ಇದು ನನ್ನ ಚಪ್ಪಾಳೆಯಲ್ಲ. ನಾನು ತಟ್ಟಿದರೆ ಅಂಗಳದವರೆಗೆ ಹೋಗುತ್ತದೆ. ಇದು ಡಬ್ಬಿಯೊಳಗೆ ತಟ್ಟಿದ ಹಾಗಿದೆ" ಎಂದರು. ನೋಡಿದರೆ ನಿಜ. ಚೊಕ್ಕಟ ಮಾಡುವ ಆತುರದಲ್ಲಿ ಚಪ್ಪಾಳೆಯ ಬಾಲವನ್ನೇ ಕತ್ತರಿಸಿದ್ದಳು, ರಿಲೀಸ್ ಸೊನ್ನೆಯಲ್ಲಿತ್ತು. 'ಎಂಡ್' ಅನ್ನು ಬಲಕ್ಕೆ ಸರಿಸಿ, ರಿಲೀಸ್ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದಳು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದವರು ಒಂದು ಕಡೆ "ಬಸ್" ಎಂದರು. ಗುಂಡಿಯ ಹೆಸರು ಗೊತ್ತಿಲ್ಲದ ಅಮ್ಮ ಅದರ ಜಾಗ ಹೇಳಿಕೊಟ್ಟರು. ಮರುದಿನ ಅಡುಗೆಮನೆಯಲ್ಲಿ ಅವರು ಗುನುಗುತ್ತಿದ್ದರು. ಹುಡುಗಿ ಫೋನನ್ನು ಮುಟ್ಟದೆ ಸುಮ್ಮನೆ ಕೂತು ಕೇಳಿದಳು.

ಯಾರ ಸದ್ದು, ಏನು ಮಾತು?

ಇನ್ನೊಂದು ಎಚ್ಚರಿಕೆ ಇದೆ. ಉಚಿತವಾಗಿ ಸಿಗುವ ಸದ್ದಿನ ಕಂತೆಗಳಲ್ಲಿ ಅರಬಿ ದನಿಯ ತುಣುಕುಗಳೂ ಇರುತ್ತವೆ. ಹುಡುಗಿಯ ಫೋನಿನಲ್ಲಿದ್ದ ಅಂಥ ಒಂದನ್ನು ಕೇಳಿ ನಾನು ಬೆಚ್ಚಿದೆ. ಅದು ಖುರ್‌ಆನ್ ಪಾರಾಯಣದ ತುಂಡಾಗಿತ್ತು. ಅವಳಿಗೆ ಅದು ಬರೀ ಇಂಪಾದ ಸದ್ದು. ಇಬ್ಬರೂ ಸೇರಿ ಅಳಿಸಿದೆವು.

ದೊಡ್ಡವರೂ ಹೀಗೆ ಎಡವಿದ್ದಾರೆ. 2020ರ ಅಕ್ಟೋಬರ್‌ನಲ್ಲಿ ಗಾಯಕಿ ರಿಹಾನ್ನಾ ಅವರ ಉಡುಪು ಪ್ರದರ್ಶನದಲ್ಲಿ ನುಡಿಸಿದ ಒಂದು ಹಾಡಿನಲ್ಲಿ ಹದೀಸ್‌ನ ಮಾತುಗಳಿದ್ದವು. ಲೋಕದ ಮುಸ್ಲಿಮರು ನೊಂದರು. ಹಾಡು ಮಾಡಿದ ಕೂಕೂ ಕ್ಲೋಯಿ ಎಂಬಾಕೆ, ಇಂಟರ್‌ನೆಟ್ಟಿನಲ್ಲಿ ಸಿಕ್ಕ ಹಾಡುಗಳಿಂದ ಆ ತುಣುಕು ತೆಗೆದುಕೊಂಡಿದ್ದೆ, ಅದು ಹದೀಸ್ ಎಂದು ತಿಳಿದಿರಲಿಲ್ಲ ಎಂದರು. ಇಬ್ಬರೂ ಕ್ಷಮೆ ಕೇಳಿದರು. ನಮ್ಮ ಹುಡುಗಿಯದೂ ಅದೇ ತಪ್ಪು, ಅಳತೆ ಮಾತ್ರ ಚಿಕ್ಕದು.

ನೆಲದ ಕಾನೂನೂ ಇದೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಕೈಗೆ ಸಿಕ್ಕಿತೆಂದು ಅದು ನಮ್ಮದಾಗುವುದಿಲ್ಲ. ಇನ್ನೊಬ್ಬರ ದನಿ ನಮ್ಮ ಬಳಿ ಇದ್ದರೆ ಅದು ಅಮಾನತ್. ಅದನ್ನು ನೋಯಿಸದೆ ಕಾಯುವುದು ನಮ್ಮ ಹೊಣೆ.

ಆದ್ದರಿಂದ ಸಹೋದರಿ, ಫೋನನ್ನು ಬೀರುವಿನಲ್ಲಿ ಇಡುವ ಮೊದಲು ಒಂದು ಸಂಜೆ ಮಗಳ ಪಕ್ಕದಲ್ಲಿ ಕೂರಿ. ಸಮಯಕ್ಕೆ ಮಿತಿ ಹಾಕಿ, ನಮಾಝು ಓದು ಹಿಂದೆ ಬೀಳದಿರಲಿ. ಪ್ರತಿ ಸದ್ದಿಗೂ ಮೂರು ಪ್ರಶ್ನೆ ಕೇಳಲು ಕಲಿಸಿ: ಇದು ಯಾರದು? ಇದು ಏನು ಹೇಳುತ್ತಿದೆ? ಅವರನ್ನು ಕೇಳಿದೆಯಾ? ಆಮೇಲೆ ಅವಳು ಹಿಡಿದ ಬಾಗಿಲಿನ ಸದ್ದನ್ನು ನಿಮಗೂ ಬಾರಿಸಿ ತೋರಿಸಲು ಹೇಳಿ. ಬಾಗಿಲು ನಿಮ್ಮ ಮನೆಯದೇ ಅಲ್ಲವೇ, ಸದ್ದು ಸರಿಯಾಗಿದೆಯೋ ಇಲ್ಲವೋ ನಿಮಗಿಂತ ಚೆನ್ನಾಗಿ ಯಾರು ಹೇಳಬಲ್ಲರು?