ಮೈಕಿಗಿಂತ ಮೊದಲು ಕೋಣೆ

2020ರ ಜನವರಿಯಲ್ಲಿ 18 ವರ್ಷದ ಬಿಲ್ಲಿ ಐಲಿಶ್ ವರ್ಷದ ಆಲ್ಬಮ್ಮಿಗೆ ಸಲ್ಲುವ ಗ್ರ್ಯಾಮಿ ಗೆದ್ದಾಗ, ಹಾಡಿನಷ್ಟೇ ಸುದ್ದಿಯಾದದ್ದು ಅದು ಹುಟ್ಟಿದ ಜಾಗ. ಲಾಸ್ ಏಂಜಲೀಸ್‌ನಲ್ಲಿ ಅಪ್ಪ ಅಮ್ಮನ ಮನೆ, ಅದರಲ್ಲಿ ಅಣ್ಣ ಫಿನಿಯಸ್ ಮಲಗುವ ಪುಟ್ಟ ಕೋಣೆ. ಒಂದು ಕಂಪ್ಯೂಟರ್, ಮೇಜಿನ ಮೇಲೆ ಜೋಡಿ ಸ್ಪೀಕರ್, ಹಾಡುವವಳು ಕೂರಲು ಹಾಸಿಗೆ. ಇಷ್ಟರಲ್ಲೇ ಆಲ್ಬಮ್ಮಿನ ಬಹುಪಾಲು ಮುಗಿದಿತ್ತು.

ಮನೆಯಲ್ಲೇ ರೆಕಾರ್ಡ್ ಮಾಡುವುದು ಹೊಸದೇನಲ್ಲ. 1982ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಮನೆಯಲ್ಲಿ ಕೂತು, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ ಒಂದಷ್ಟು ಹಾಡುಗಳನ್ನು ಮಾದರಿಗೆಂದು ತುಂಬಿಕೊಂಡರು. ಆಮೇಲೆ ಬ್ಯಾಂಡ್ ಕಟ್ಟಿಕೊಂಡು ದೊಡ್ಡ ಸ್ಟುಡಿಯೋದಲ್ಲಿ ಅವನ್ನೇ ನುಡಿಸಿ ನೋಡಿದರೂ ಮನಸ್ಸಿಗೆ ಒಪ್ಪಲಿಲ್ಲ. ಕೊನೆಗೆ ‘ನೆಬ್ರಾಸ್ಕಾ’ ಎಂದು ಹೊರಬಂದದ್ದು ಆ ಕ್ಯಾಸೆಟ್ಟೇ. ನಮ್ಮ ಪಕ್ಕದ ಚೆನ್ನೈಯಲ್ಲಿ ಎ.ಆರ್. ರೆಹಮಾನ್ 1989ರಲ್ಲಿ ಮನೆಯ ಹಿತ್ತಲಲ್ಲೇ ಪಂಚತನ್ ಸ್ಟುಡಿಯೋ ಕಟ್ಟಿಸಿಕೊಂಡರು. 1992ರ ‘ರೋಜಾ’ ಹಾಡುಗಳು ಅಲ್ಲಿಂದಲೇ ದೇಶ ಸುತ್ತಿದವು.

ಇಂಥ ಕಥೆ ಕೇಳಿದವರು ಮೊದಲು ಕೇಳುವ ಪ್ರಶ್ನೆ: ಅವರು ಬಳಸಿದ್ದು ಯಾವ ಮೈಕು? ಎಡವುವುದು ಇಲ್ಲೇ. ಕನ್ನಡದಲ್ಲಿ ಭಾವಗೀತೆ, ದೇವರನಾಮ, ಜಾನಪದ, ರ‍್ಯಾಪ್ ಎಲ್ಲವನ್ನೂ ಮನೆಯಲ್ಲೇ ರೆಕಾರ್ಡ್ ಮಾಡುವವರಿದ್ದಾರೆ. ಇದ್ದ ದುಡ್ಡನ್ನೆಲ್ಲ ಮೈಕಿಗೂ ಪ್ಲಗಿನ್ನುಗಳಿಗೂ ಸುರಿದರೂ ಹಾಡು ಮಾತ್ರ ಬಚ್ಚಲಮನೆಯಿಂದ ಕೇಳಿಬಂದಂತಿರುತ್ತದೆ. ದೋಷ ಮೈಕಿನದಲ್ಲ, ಕೋಣೆಯದು.

ನಮ್ಮ ಮನೆಗಳ ಕೋಣೆ ಎಂದರೆ ಸಾಮಾನ್ಯವಾಗಿ ಹತ್ತಡಿ ಉದ್ದ, ಹತ್ತಡಿ ಅಗಲ, ಸೂರೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಗಟ್ಟಿ ಗೋಡೆ, ನುಣುಪು ಟೈಲ್ಸ್. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ‘ಟ್ರಿಂಗ್’ ಎಂದು ಬಾಲ ಎಳೆಯುತ್ತದೆ. ಆ ಬಾಲ ಪ್ರತಿ ಸ್ವರಕ್ಕೂ ಅಂಟಿಕೊಳ್ಳುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ 56 ಹರ್ಟ್ಜ್ ಆಸುಪಾಸಿನ ಮಂದ್ರ ನಾದ ಸಿಕ್ಕಿಬಿದ್ದು ಉಬ್ಬುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದರೆ ಮೂರೂ ದಿಕ್ಕಿನಿಂದ ಅದೇ ನಾದ ಗುಮ್ಮೆನ್ನುತ್ತದೆ. ಚೌಕ ಕೋಣೆ ಸಂಗೀತಕ್ಕೆ ಒಗ್ಗದಿರುವುದು ಇದೇ ಕಾರಣಕ್ಕೆ. ಮೊಟ್ಟೆಯ ಟ್ರೇ, ತೆಳು ಫೋಮ್ ಗೋಡೆಗೆ ಅಂಟಿಸಿದರೆ ಹೋಗುವುದು ಮೇಲಿನ ಕಿರುಸದ್ದು ಮಾತ್ರ. ಕೆಳಗಿನ ಗುಮ್ಮಿಗೆ ಮೂಲೆಗಳಲ್ಲಿ ನಾಲ್ಕಾರು ಇಂಚು ದಪ್ಪದ ರಾಕ್‌ವುಲ್ ಹಲಗೆ ಬೇಕು. ಅದು ಕೈಗೂಡುವವರೆಗೆ, ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಹಾಡುವವರ ಬೆನ್ನ ಹಿಂದೆ ಹಾಸಿಗೆಯನ್ನೋ ದಪ್ಪ ರಜಾಯಿಯನ್ನೋ ನಿಲ್ಲಿಸಿದರೂ ದನಿ ಎಷ್ಟೋ ಹತೋಟಿಗೆ ಬರುತ್ತದೆ. ಹಾಡುವವರ ಎದುರಿನ ಗೋಡೆಗಿಂತ ಬೆನ್ನ ಹಿಂದಿನ ಗೋಡೆಯೇ ಹೆಚ್ಚು ಕಾಡುತ್ತದೆ, ಏಕೆಂದರೆ ಮೈಕಿನ ಮುಖ ಆ ಕಡೆಗೇ ಇರುತ್ತದೆ.

ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ. ಎದುರಿಗೇ ಇಟ್ಟರೆ ಕನ್ನಡದ ಪ, ಫ, ಭಗಳ ಉಸಿರು ನೇರ ಬಡಿದು ‘ಧಪ್’ ಎನ್ನುತ್ತದೆ. ಮಹಾಪ್ರಾಣ ಹೆಚ್ಚಿರುವ ಸಂಸ್ಕೃತ ಪದಗಳ ದೇವರನಾಮದಲ್ಲಂತೂ ಇದು ಸಾಲುಸಾಲಿಗೂ ಎದುರಾಗುತ್ತದೆ. ರೆಕಾರ್ಡಿಂಗ್ ಮಟ್ಟವನ್ನು ಕೆಂಪು ದೀಪ ಹತ್ತುವವರೆಗೆ ಏರಿಸುವ ಚಾಳಿ ಕ್ಯಾಸೆಟ್ ಕಾಲದ್ದು. ಟೇಪಿನ ‘ಹಿಸ್’ ಸದ್ದನ್ನು ಮೀರಲು ಆಗ ಅದು ಬೇಕಿತ್ತು. 24 ಬಿಟ್ ರೆಕಾರ್ಡಿಂಗಿನಲ್ಲಿ ಅತಿ ಜೋರಿನ ಜಾಗವೂ ಮೈನಸ್ 12 ಡೆಸಿಬೆಲ್ ಹತ್ತಿರ ನಿಂತರೆ ಧಾರಾಳವಾಯಿತು. ತಾರಸ್ಥಾಯಿಗೆ ಏರುವ ಹೊತ್ತಿಗೆ ದನಿ ಒಡೆದರೆ ಅದನ್ನು ಯಾವ ಸಾಫ್ಟ್‌ವೇರೂ ಮೊದಲಿನಂತೆ ಮಾಡಲಾರದು.

ಮಿಕ್ಸಿಂಗಿಗೆ ಬಂದರೆ, ಪುಸ್ತಕದಲ್ಲಿರುವ ಸೂತ್ರಗಳನ್ನು ನಮ್ಮ ಸಂಗೀತಕ್ಕೆ ಕುರುಡಾಗಿ ಹಚ್ಚುವುದು ತಪ್ಪು. ‘80 ಹರ್ಟ್ಜ್ ಕೆಳಗಿನದನ್ನೆಲ್ಲ ಕತ್ತರಿಸಿ’ ಎಂಬುದು ಅಂಥದೊಂದು. ಹಾಡುವ ದನಿಗೆ ಅದು ಸರಿ. ಆದರೆ ಕಪ್ಪು ಒಂದು ಶ್ರುತಿಯ ಗಂಡು ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಮಿಡಿಯುವುದು ಸುಮಾರು 69 ಹರ್ಟ್ಜ್‌ನಲ್ಲಿ. ಅಲ್ಲಿ ಕತ್ತರಿ ಆಡಿಸಿದರೆ ತಂಬೂರಿಯ ಬುಡವೇ ಹೋಯಿತು.

ಸ್ವರ ತಿದ್ದುವ ಆಟೋಟ್ಯೂನ್ ಬಗ್ಗೆ ಇನ್ನೂ ಖಡಕ್ಕಾಗಿ ಹೇಳಬೇಕಿದೆ. ತೈಲ ನಿಕ್ಷೇಪ ಹುಡುಕಲು ನೆಲದಾಳದ ಅಲೆಗಳನ್ನು ಓದುವ ಗಣಿತದಲ್ಲಿ ಪಳಗಿದ್ದ ಆಂಡಿ ಹಿಲ್ಡೆಬ್ರಾಂಡ್ 1997ರಲ್ಲಿ ಅದನ್ನು ಹೊರತಂದರು. ಜಾಣ ಸಲಕರಣೆ, ಅನುಮಾನವಿಲ್ಲ. ಆದರೆ ಸಾಮಾನ್ಯವಾಗಿ ಅದು ಬಳಕೆಯಾಗುವುದು ದನಿಯನ್ನು ಕೀಬೋರ್ಡಿನ 12 ಮನೆಗಳಲ್ಲಿ ಹತ್ತಿರದ್ದಕ್ಕೆ ಎಳೆದು ಕೂರಿಸಲು. ತೋಡಿಯ ಗಾಂಧಾರ ಒಂದೆಡೆ ಕೂರುವ ಸ್ವರವಲ್ಲ, ತೂಗುವುದರಲ್ಲೇ ಅದರ ಜೀವ. ಅದನ್ನು ಹೀಗೆ ಎಳೆದು ಕೂರಿಸಿದರೆ ಗಮಕ ಮೆಟ್ಟಿಲಾಗುತ್ತದೆ. ರ‍್ಯಾಪಿಗೂ ಪಾಪ್ ಹಾಡಿಗೂ ಅದು ಅಲಂಕಾರವಾಗಬಹುದು. ರಾಗ ಹಿಡಿದು ಹಾಡುವವರು ತಪ್ಪಿದ ಸಾಲನ್ನು ಮತ್ತೊಮ್ಮೆ ಹಾಡುವುದೇ ಮೇಲು. ಮನೆಯ ಸ್ಟುಡಿಯೋದಲ್ಲಿ ಗಂಟೆಗೆ ಬಾಡಿಗೆ ಕಟ್ಟಬೇಕಿಲ್ಲ, ಅದರ ದೊಡ್ಡ ಲಾಭವೇ ಅದು.

ಸಾಹಿತ್ಯ ಕೇಳಿಸದಿರುವುದು ಮತ್ತೊಂದು ಕೊರತೆ. ವ್ಯಂಜನಗಳ ಸ್ಪಷ್ಟತೆ ಬಹುಮಟ್ಟಿಗೆ ನಿಂತಿರುವುದು 2ರಿಂದ 4 ಕಿಲೋಹರ್ಟ್ಜ್ ನಡುವೆ. ಗಿಟಾರು, ಸಿಂತ್, ಕೊಳಲು ಎಲ್ಲವೂ ಅಲ್ಲೇ ಜಾಗ ಕೇಳುತ್ತವೆ. ದನಿಯನ್ನು ಏರಿಸುತ್ತ ಹೋಗುವ ಬದಲು ಅಲ್ಲಿ ವಾದ್ಯಗಳನ್ನು ಎರಡು ಮೂರು ಡೆಸಿಬೆಲ್ ಇಳಿಸಿದರೆ ಪದ ತಾನಾಗಿ ಮುಂದೆ ಬರುತ್ತದೆ. ಹೆಡ್‌ಫೋನಿನಲ್ಲಿ ಮೆಚ್ಚಿದ ಮಿಕ್ಸನ್ನು ಫೋನಿನ ಸ್ಪೀಕರಿನಲ್ಲೂ ಕೇಳಲೇಬೇಕು. ಕೇಳುಗರಲ್ಲಿ ಎಷ್ಟೋ ಮಂದಿ ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟುಕೊಂಡೇ ಹಾಡು ಕೇಳುವುದು.

ಇನ್ನು ಜೋರಿನ ಹುಚ್ಚು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ಮನ್ನು ಎಷ್ಟು ಒತ್ತಿ ಹಿಂಡಿದ್ದರೆಂದರೆ, ಅದೇ ಹಾಡುಗಳು ವಿಡಿಯೊ ಗೇಮಿನಲ್ಲಿ ಇನ್ನೂ ಸ್ವಚ್ಛವಾಗಿ ಕೇಳಿಸಿ, ಮರಳಿ ಮಿಕ್ಸ್ ಮಾಡಿ ಎಂದು ಸಾವಿರಾರು ಅಭಿಮಾನಿಗಳು ಮನವಿಗೆ ಸಹಿ ಹಾಕಿದರು. ಈಗಂತೂ ಹಿಂಡಿದ್ದಕ್ಕೆ ಫಲವೇ ಇಲ್ಲ. ಸ್ಪಾಟಿಫೈ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಜೋರಿನ ಸಮಮಟ್ಟಕ್ಕೆ ತರುತ್ತದೆ, ಯೂಟ್ಯೂಬ್ ಕೂಡ ಜೋರಿನದನ್ನು ತಗ್ಗಿಸುತ್ತದೆ. ಹಾಡಿನ ಏರಿಳಿತ ಕೊಂದವರಿಗೆ ಸಿಗುವುದು ಚಪ್ಪಟೆ ಹಾಡು ಮಾತ್ರ.

ಇಷ್ಟೆಲ್ಲ ಮಾಡಿ ಮೂಲ ಟ್ರ್ಯಾಕುಗಳನ್ನು ಉಳಿಸಿಕೊಳ್ಳದವರೂ ಇದ್ದಾರೆ. ಹಳ್ಳಿಯ ಹಿರಿಯ ಸೋಬಾನೆ ಗಾಯಕಿಯ ದನಿ ಕಿರಿದು ಮಾಡಿದ ಒಂದು ಎಂಪಿ3 ಕಡತವಾಗಿ ಮಾತ್ರ ಉಳಿದರೆ, ಕೀಬೋರ್ಡಿನ ಗದ್ದಲದಿಂದ ಆಕೆಯನ್ನು ಮುಂದೆ ಯಾರೂ ಪೂರ್ತಿ ಸ್ವಚ್ಛವಾಗಿ ಬಿಡಿಸಲಾರರು. 24 ಬಿಟ್, 48 ಕಿಲೋಹರ್ಟ್ಜ್‌ನ ಒಂದು ಟ್ರ್ಯಾಕಿಗೆ ಬೇಕಾಗುವುದು ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ, ಹತ್ತು ಟ್ರ್ಯಾಕಿನ ಹಾಡೆಂದರೆ ಅರ್ಧ ಜಿಬಿಯೂ ಇಲ್ಲ. ಬಿಡಿ ಬಿಡಿ ವೇವ್ ಕಡತಗಳಾಗಿ, ಎರಡು ಬೇರೆ ಡಿಸ್ಕುಗಳಲ್ಲಿ ಉಳಿಸಿ, ಹಾಡಿದವರ ಹೆಸರು, ಊರು, ತಾರೀಖು ಬರೆದಿಡುವ ಕೆಲಸವನ್ನು ಮಿಕ್ಸಿಂಗ್ ಶುರು ಮಾಡುವ ಮೊದಲೇ ಮುಗಿಸಬೇಕು.