ರೊಟ್ಟಿಯ ಬದಿಗೆ ಪನೀರವೋ, ಚೀಸೋ?

ಅಕ್ಕಲಕೋಟ ತಾಲೂಕಿನ ನಾಗಣಸೂರ ಮತ್ತು ಅದರ ನೆರೆಯ ಕನ್ನಡ ಹಳ್ಳಿಗಳ ಊಟದಲ್ಲಿ ಹಾಲು ಬಹಳ ಹೊತ್ತು ಹಾಲಾಗಿಯೇ ಉಳಿದುದಿಲ್ಲ. ಕೆನೆಮೊಸರಾಗಿ, ಮಜ್ಜಿಗೆಯಾಗಿ, ಬೆಣ್ಣೆ ತುಪ್ಪವಾಗಿ, ಎಮ್ಮೆ ಈದಾಗ ಗಿಣ್ಣವಾಗಿ, ಹಬ್ಬದ ದಿನ ಶ್ರೀಖಂಡವಾಗಿ ಅದು ತಾಟಿಗೆ ಇಳಿದಿದೆ. ಈ ಸಾಲಿಗೆ ಪನೀರ ಬಂದು ಸೇರಿತು. ಅದರ ಬೆನ್ನಿಗೇ ಚೀಸ್ ಬಂತು. ಮದುವೆಯ ಊಟದಲ್ಲಿ ಎಣ್ಣೆಗಾಯಿಯ ಪಕ್ಕಕ್ಕೆ ಪನೀರದ ಪಲ್ಯ, ಸೊಲ್ಲಾಪುರಕ್ಕೆ ಓದಲು ಹೋಗುವ ಮಕ್ಕಳ ಡಬ್ಬಿಯಲ್ಲಿ ಚೀಸ್ ತುಂಡು ಈಗ ಯಾರಿಗೂ ಸೋಜಿಗವಲ್ಲ. ‘ಹಾಲಿನದೇ ಅಲ್ಲವೇ, ತಿನ್ನಲಿ ಬಿಡು’ ಎಂದು ತಾಯಂದಿರು ಸಮಾಧಾನಪಡುವುದೂ ಸಹಜವೇ. ಆದರೆ ಒಂದೇ ಹಾಲಿನಿಂದ ಹುಟ್ಟಿದ ಈ ಪದಾರ್ಥಗಳ ಗುಣ ಒಂದೇ ಆಗಿಲ್ಲ.

ಹಾಲನ್ನು ಒಡೆಸಿ ಗಟ್ಟಿಯನ್ನು ತೆಗೆಯುವುದು ಕನ್ನಡಿಗರಿಗೆ ಹೊರಗಿನಿಂದ ಬಂದ ವಿದ್ಯೆ ಎಂದು ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 11ನೆಯ ಶತಮಾನದಲ್ಲಿ, ಇಮ್ಮಡಿ ಚಾವುಂಡರಾಯನು ಬರೆದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ಎಮ್ಮೆಯ ಹಾಲನ್ನು ಗಿಡಗಳ ಬೇರು, ಎಲೆಗಳಿಂದ ಹೆಪ್ಪುಗಟ್ಟಿಸುವ ವಿಧಾನಗಳಿವೆ. ಮುಂದಿನ ಶತಮಾನದಲ್ಲಿ ಅದೇ ಮನೆತನದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು, ಕಾಯಿಸಿದ ಹಾಲಿಗೆ ಹುಳಿ ಬೆರೆಸಿ ಒಡೆಸಿ, ಬಂದ ಗಟ್ಟಿಯಿಂದ ಸಿಹಿ ತಿನಿಸು ಮಾಡುವ ಕ್ರಮವನ್ನು ಹೇಳುತ್ತದೆ. ಆ ಅರಸರ ರಾಜಧಾನಿ ಕಲ್ಯಾಣವು ಅಕ್ಕಲಕೋಟದಿಂದ ದೂರದ ಊರೇನಲ್ಲ. ಪಂಜಾಬಿ ಡಾಬಾದ ಹೆಸರಿನಲ್ಲಿ ಮರಳಿ ಬಂದ ಪದಾರ್ಥಕ್ಕೆ ಈ ನೆಲದಲ್ಲಿ ಸಾವಿರ ವರ್ಷದ ಬಳಕೆ ಇತ್ತೆಂಬುದು ಚೋದ್ಯ.

ಪನೀರದ ವಿಷಯವನ್ನೇ ಮೊದಲು ನೋಡೋಣ. ಕುದಿಯುವ ಹಾಲಿಗೆ ನಿಂಬೆರಸ ಹಿಂಡಿದಾಗ ಹಾಲಿನ ಪ್ರೋಟೀನು ಕೊಬ್ಬನ್ನು ತನ್ನೊಳಗೆ ಹಿಡಿದುಕೊಂಡು ಮುದ್ದೆಗಟ್ಟುತ್ತದೆ. ಒಂದು ಲೀಟರ್ ಎಮ್ಮೆಯ ಹಾಲಿಗೆ ಸುಮಾರು 200 ಗ್ರಾಂ ಪನೀರ ಬರುತ್ತದೆ; ಆಕಳ ಹಾಲಿಗೆ ಅದಕ್ಕಿಂತ ಕಡಿಮೆ. ನೂರು ಗ್ರಾಂ ಪನೀರದಲ್ಲಿ 18 ಗ್ರಾಂ ಆಸುಪಾಸಿನ ಪ್ರೋಟೀನೂ 450 ಮಿಲಿಗ್ರಾಂ ಮೀರಿದ ಸುಣ್ಣದಂಶವೂ ಇವೆ. ಉಪ್ಪು ಹಾಕಿರುವುದಿಲ್ಲವಾದ್ದರಿಂದ ಸೋಡಿಯಂ ಅತ್ಯಲ್ಪ. ರಕ್ತದೊತ್ತಡವುಳ್ಳ ಹಿರಿಯರಿಗೆ ಇದು ದೊಡ್ಡ ಅನುಕೂಲ. ಕೊಬ್ಬು ಮಾತ್ರ ಕಡಿಮೆಯಲ್ಲ. ಕಾಯಿದೆಯಂತೆ ಪನೀರದಲ್ಲಿ ನೀರು ನೂರಕ್ಕೆ 60ನ್ನು ಮೀರಬಾರದು, ಉಳಿದ ಒಣ ಅಂಶದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹಾಲಿನ ಕೊಬ್ಬು ಇರಬೇಕು. ಲೆಕ್ಕ ಹಾಕಿದರೆ ನೂರು ಗ್ರಾಂಗೆ 20 ಗ್ರಾಂ ಕೊಬ್ಬು. ಕೆನೆ ತೆಗೆದ ಹಾಲಿನಲ್ಲಿ ಮನೆಯಲ್ಲಿಯೇ ಮಾಡಿದರೆ ಕೊಬ್ಬು ಇಳಿಯುತ್ತದೆ. ಪನೀರ ತುಸು ಗಡುಸಾಗುತ್ತದೆ, ಅಷ್ಟೇ.

ಚಕ್ಕಾದ ಕಥೆ ಬೇರೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಾಗ ತಿಳಿನೀರು ಸೋರುತ್ತದೆ. ಮೊಸರು ಹುಳಿಯಾದಷ್ಟೂ ಸುಣ್ಣದಂಶವು ಪ್ರೋಟೀನನ್ನು ಬಿಟ್ಟು ನೀರಿನಲ್ಲಿ ಕರಗುವುದರಿಂದ ಅದರ ಬಹುಭಾಗ ಆ ನೀರಿನೊಡನೆಯೇ ಹೊರಟುಹೋಗುತ್ತದೆ. ಹೀಗಾಗಿ ನೋಡಲು ಪನೀರದಷ್ಟೇ ಗಟ್ಟಿಯಾದ ಚಕ್ಕಾದಲ್ಲಿ ಸುಣ್ಣದಂಶವು ಪನೀರದ ಅರ್ಧಕ್ಕೂ ಬಾರದು. ಹೊಟ್ಟೆಗೆ ಅದು ಹಗುರ, ಪ್ರೋಟೀನೂ ಉಂಟು. ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ ಬೆರೆಸಿ ಜೋಳದ ರೊಟ್ಟಿಯೊಡನೆ ಉಂಡರೆ ಅದಕ್ಕಿಂತ ಸೊಗಸಾದುದು ಕಡಿಮೆ. ಶ್ರೀಖಂಡವಾದಾಗ ಮಾತ್ರ ಲೆಕ್ಕ ತಲೆಕೆಳಗು: ಚಕ್ಕಾದ ತೂಕಕ್ಕೆ ಸಮಸಮ ಸಕ್ಕರೆ ಸುರಿಯುವ ಮನೆಗಳುಂಟು. ಅದನ್ನು ಹಬ್ಬದ ಸಿಹಿಯೆಂದೇ ಉಣ್ಣಬೇಕು, ಹಾಲಿನ ಲೆಕ್ಕಕ್ಕೆ ಹಿಡಿಯಬಾರದು.

ಇನ್ನು ಅಂಗಡಿಯ ಚೀಸ್. ಚೆಡ್ಡರ್‌ನಂಥ ಮಾಗಿದ ಚೀಸ್ ಒಂದು ಕಿಲೋ ಆಗಬೇಕಾದರೆ ಹತ್ತು ಲೀಟರ್‌ನಷ್ಟು ಹಾಲು ಬೇಕು. ಆದ್ದರಿಂದ ಅದರಲ್ಲಿ ಎಲ್ಲವೂ ಸಾಂದ್ರ: ನೂರು ಗ್ರಾಂಗೆ 25 ಗ್ರಾಂ ಪ್ರೋಟೀನು, 700 ಮಿಲಿಗ್ರಾಂ ಸುಣ್ಣದಂಶ, ಅದರೊಡನೆ 33 ಗ್ರಾಂ ಕೊಬ್ಬು, 600 ಮಿಲಿಗ್ರಾಂ ಸೋಡಿಯಂ. ಮಾಗುವಾಗ ಹಾಲಿನ ಸಕ್ಕರೆ ಬಹುತೇಕ ಕರಗಿಹೋಗುವುದರಿಂದ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಇದು ಒಗ್ಗುತ್ತದೆ. ಆದರೆ ಹಳ್ಳಿಯ ಅಂಗಡಿಗೆ ಬರುವುದು ಹೆಚ್ಚಾಗಿ ಈ ಚೀಸ್ ಅಲ್ಲ, ಇದನ್ನು ಕರಗಿಸಿ ಸಿಟ್ರೇಟು, ಫಾಸ್ಫೇಟುಗಳೆಂಬ ಲವಣಗಳನ್ನು ಬೆರೆಸಿದ ಪ್ರೋಸೆಸ್ಡ್ ಚೀಸ್. ಸ್ವಿಟ್ಜರ್ಲೆಂಡಿನಲ್ಲಿ 1911ರಲ್ಲಿ, ಬಹುದಿನ ಕೆಡದಂತೆ ಇಡಲೆಂದು ಕಂಡುಹಿಡಿದ ಪದ್ಧತಿಯಿದು. ತೆಳ್ಳನೆಯ ಒಂದು ತುಂಡಿನಲ್ಲಿಯೇ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಬೆಳೆದವರಿಗೆ ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ 2000 ಮಿಲಿಗ್ರಾಂ, ಎಂದರೆ 5 ಗ್ರಾಂ ಉಪ್ಪು. ಮಕ್ಕಳಿಗೆ ಇನ್ನೂ ಕಡಿಮೆ. ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳಗಳು ದಿನವೂ ತಾಟಿನಲ್ಲಿರುವ ಮನೆಯಲ್ಲಿ ಆ ಮಿತಿ ಚೀಸ್ ಬರುವ ಮೊದಲೇ ದಾಟಿರುತ್ತದೆ. ಪೊಟ್ಟಣದ ಮೇಲೆ ಬರೆದ ಸೋಡಿಯಂ ಅಂಕಿಯನ್ನು ಎರಡೂವರೆ ಪಟ್ಟು ಮಾಡಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಚೀಸ್ ಹೆಪ್ಪುಗಟ್ಟಿಸುವ ರೆನೆಟ್ ಕರುವಿನ ಜಠರದಿಂದಲೂ ಬರಬಹುದು, ಸೂಕ್ಷ್ಮಜೀವಿಗಳಿಂದಲೂ ಬರಬಹುದು. ಶಾಕಾಹಾರಿಗಳು ಹಸಿರು ಗುರುತನ್ನು ನೋಡಿ ಕೊಳ್ಳುವುದು ಒಳಿತು.

ಇವೆಲ್ಲಕ್ಕಿಂತ ಕೇಡಿನದು ಹಾಲೇ ಇಲ್ಲದ ಪನೀರ. ಪಾಮ್ ಎಣ್ಣೆ, ಪಿಷ್ಟ ಮುಂತಾದವನ್ನು ಕೂಡಿಸಿ ಮಾಡಿದ ಇದಕ್ಕೆ ‘ಅನಲಾಗ್’ ಎಂದು ಹೆಸರು. ಹಾಗೆಂದು ಸ್ಪಷ್ಟವಾಗಿ ಬರೆದು ಮಾರಿದರೆ ಅಡ್ಡಿಯಿಲ್ಲ. ಪನೀರವೆಂದು ಹೇಳಿ ಮಾರುವುದು ಅಪರಾಧ. ಬಿಡಿಯಾಗಿ ಕೊಂಡಾಗ, ಅಗ್ಗದ ದರಕ್ಕೆ ದೊಡ್ಡ ಊಟದ ಗುತ್ತಿಗೆ ಕೊಟ್ಟಾಗ ಮೋಸಕ್ಕೆ ಎಡೆಯಿದೆ. ಚಿಕ್ಕ ತುಂಡನ್ನು ನೀರಿನಲ್ಲಿ ಕುದಿಸಿ, ಆರಿದ ಮೇಲೆ ಎರಡು ಹನಿ ಟಿಂಕ್ಚರ್ ಅಯೋಡಿನ್ ಹಾಕಿದರೆ, ಪಿಷ್ಟವಿದ್ದಲ್ಲಿ ನೀಲಿ ಬಣ್ಣ ಏಳುತ್ತದೆ. ಎಣ್ಣೆಯ ಬೆರಕೆಯನ್ನು ಮಾತ್ರ ಈ ಪರೀಕ್ಷೆ ಹಿಡಿಯಲಾರದು.

ಈ ಭಾಗದಲ್ಲಿ ಮಾಂಸ, ತತ್ತಿ ಮುಟ್ಟದ ಮನೆಗಳು ಬಹಳ. ಅವರಿಗೆ ಬಿ12 ಜೀವಸತ್ವ ಆಹಾರದಿಂದ ದೊರೆಯುವುದು ಬಹುಮಟ್ಟಿಗೆ ಹಾಲಿನ ಪದಾರ್ಥಗಳಿಂದಲೇ. ರೊಟ್ಟಿ, ಬೇಳೆ, ಸೊಪ್ಪು, ಶೇಂಗಾ ಎಷ್ಟು ತಿಂದರೂ ಅದು ಬಾರದು. ಅದು ಕೊರತೆಯಾದರೆ ಕೈಕಾಲು ಜೋಮು, ಮರೆವು, ರಕ್ತಹೀನತೆ ನಿಧಾನವಾಗಿ ಕಾಣಿಸಿಕೊಳ್ಳುತ್ತವೆ. ಮುದುಕರಲ್ಲಿ ಇದನ್ನು ವಯಸ್ಸಿನ ಮೇಲೆ ಹಾಕಿ ಬಿಟ್ಟುಬಿಡುವುದೂ ಉಂಟು. ಜೋಳದ ಪ್ರೋಟೀನಿನಲ್ಲಿ ಕೊರತೆಯಿರುವ ಲೈಸಿನ್ ಹಾಲಿನಲ್ಲಿ ಧಾರಾಳವಾಗಿರುವುದರಿಂದ ರೊಟ್ಟಿಯೂ ಮೊಸರೂ ಒಂದನ್ನೊಂದು ತುಂಬಿಕೊಡುತ್ತವೆ. ಹಿಂಡಿದ ಹಾಲನ್ನೆಲ್ಲ ಡೇರಿಗೆ ಹಾಕಿ, ಆ ದುಡ್ಡಿನಲ್ಲಿ ಮಕ್ಕಳಿಗೆ ಚೀಸ್ ಪೊಟ್ಟಣ ತರುವ ಮನೆ ಈ ವಿನಿಮಯದಲ್ಲಿ ಲಾಭ ಕಾಣುವುದು ಕಷ್ಟ.

ಎಷ್ಟು ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2000 ಕಿಲೋಕ್ಯಾಲೊರಿಯ ಸಮತೋಲನ ಊಟಕ್ಕೆ ದಿನಕ್ಕೆ 300 ಮಿಲಿಲೀಟರ್ ಹಾಲು ಅಥವಾ ಮೊಸರನ್ನು ಹೇಳುತ್ತದೆ. 50 ಗ್ರಾಂ ಪನೀರಕ್ಕೇ ಕಾಲು ಲೀಟರ್ ಎಮ್ಮೆಯ ಹಾಲು ಹಿಡಿಯುತ್ತದೆ. ಅಂದರೆ ಪನೀರ ಉಂಡ ದಿನ ಕೆನೆಮೊಸರನ್ನು ಬಿಟ್ಟು ತಿಳಿಮಜ್ಜಿಗೆಗೆ ನಿಲ್ಲುವುದು ಸರಿ. ಚೀಸ್ ಆದರೆ ಒಂದು ತುಂಡು, ವಾರಕ್ಕೆ ಒಂದೆರಡು ಸಲ. ಅದೇ ಪ್ರಮಾಣದ ಕೊಬ್ಬು ಬೆಣ್ಣೆಯಿಂದ ಬಂದಾಗ ಏರುವಷ್ಟು ಕೆಟ್ಟ ಕೊಲೆಸ್ಟರಾಲ್ ಚೀಸ್‌ನಿಂದ ಏರದು ಎಂಬುದು ಅಧ್ಯಯನಗಳಲ್ಲಿ ಕಂಡಿದೆ. ಅದನ್ನು ಬೆಣ್ಣೆಯಲ್ಲಿ ಕರಿದ ಬ್ರೆಡ್ಡಿನ ಮೇಲೆ ಹೊದಿಸಿದರೆ ಈ ಮಾತು ನಡೆಯದು. ರಕ್ತಹೀನತೆಗೆ ಕಬ್ಬಿಣದ ಗುಳಿಗೆ ನುಂಗುವ ಹೆಣ್ಣುಮಕ್ಕಳು ಹಾಲು, ಪನೀರಗಳನ್ನು ಅದರೊಡನೆ ತೆಗೆದುಕೊಳ್ಳದೆ ಎರಡು ತಾಸು ಅಂತರವಿಡಬೇಕು. ಬಸುರಿಯರು ಕಾಯಿಸದ ಹಾಲಿನಿಂದ ಮಾಡಿದ ಯಾವುದನ್ನೂ ಮುಟ್ಟಬಾರದು.

ಗಿಣ್ಣದ ಬಗೆಗೂ ಒಂದು ಮಾತು. ಅದರಲ್ಲಿನ ರೋಗನಿರೋಧಕ ಶಕ್ತಿಗಾಗಿ ತಿನ್ನುತ್ತೇವೆಂಬ ನಂಬಿಕೆಯಿದೆ. ಹಬೆಯಲ್ಲಿ ಬೇಯಿಸಿದಾಗ ಆ ಶಕ್ತಿ ಬಹುಪಾಲು ಅಳಿದು, ಉಳಿಯುವುದು ಒಳ್ಳೆಯ ಪ್ರೋಟೀನು. ಕರುವಿಗೆ ಮಾತ್ರ ಹಸಿಯ ಗಿಣ್ಣದ ಹಾಲು ಹುಟ್ಟಿದ ಮೊದಲ ಕೆಲವು ತಾಸುಗಳಲ್ಲಿಯೇ ಸಿಗಬೇಕು, ಅದು ಕುಡಿದು ತೃಪ್ತವಾದ ಮೇಲಷ್ಟೇ ಮನೆಯ ಪಾತ್ರೆಗೆ.

ಪನೀರ ಸೋಸಿದಾಗ ಉಳಿಯುವ ಹಸಿರುಹಳದಿ ನೀರನ್ನು ಬಚ್ಚಲಿಗೆ ಚೆಲ್ಲುವ ರೂಢಿಯೂ ಹೋಗಬೇಕು. ಆ ಬಣ್ಣವೇ ಬಿ2 ಜೀವಸತ್ವದ್ದು. ಚಪಾತಿಯ ಹಿಟ್ಟನ್ನು ಅದರಲ್ಲಿ ನಾದಬಹುದು, ಸಾರಿಗೆ ಬೆರೆಸಬಹುದು. ಬೇಳೆಗೆ ಹಾಕುವುದಾದರೆ ಬೇಳೆ ಬೆಂದ ಮೇಲೆ ಹಾಕಬೇಕು. ಮೊದಲೇ ಹಾಕಿದರೆ ಹುಳಿಯಿಂದಾಗಿ ಬೇಳೆ ಬೇಗ ಬೇಯುವುದಿಲ್ಲ.