ಗೇಟಿಲ್ಲದ ಟೋಲ್ ಬಂದರೆ ಸಾಸ್ತಾನದವರ ವಿನಾಯಿತಿ ಎಲ್ಲಿಗೆ?

ಸಾಸ್ತಾನ: ಚಾಲಕನಿಲ್ಲದ ಕಾರು ಎಂದರೆ ಇಲ್ಲಿನ ಪೇಟೆಯಲ್ಲಿ ಈಗಲೂ ನಗು. ಮೊದಲು ಸರ್ವಿಸ್ ರಸ್ತೆ ಸರಿಯಾಗಲಿ ಮಾರಾಯ್ರೆ ಎನ್ನುವವರೇ ಜಾಸ್ತಿ. ಅಂಥ ಕಾರನ್ನು 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆರ್‌ವಿ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಓಡಿಸಿ ತೋರಿಸಿದ್ದಾರೆ. ಅದು ಇಲ್ಲಿಗೆ ಬರುವುದು ದೂರದ ಮಾತು.

ಆದರೆ ಗಾಡಿ ಮತ್ತು ರಸ್ತೆ ತಮ್ಮೊಳಗೇ ಲೆಕ್ಕ ಮುಗಿಸುವುದು ಸಾಸ್ತಾನಕ್ಕೆ ಹೊಸತಲ್ಲ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಗುಂಡ್ಮಿ ಟೋಲ್‌ನಲ್ಲಿ ಗಾಜಿನ ಸ್ಟಿಕ್ಕರ್ ಓದುವುದೂ ಯಂತ್ರ, ದುಡ್ಡು ಕಟ್ ಮಾಡುವುದೂ ಯಂತ್ರ. ಸ್ಥಳೀಯರ ಗಾಡಿಗೆ ಮಾತ್ರ ಬೇರೆ ಲೆಕ್ಕ. ಅದು ರಸ್ತೆಗಿಳಿದು, ಸಭೆ ಮೇಲೆ ಸಭೆ ಮಾಡಿಸಿ ಪಡೆದ ವಿನಾಯಿತಿ. ತಕರಾರು ಬಂದರೆ ಆರ್‌ಸಿ ತೋರಿಸಿ ನಾಲ್ಕು ಮಾತಾಡಲು ಗೇಟಿನ ಹತ್ತಿರ ಒಬ್ಬ ಮನುಷ್ಯನಾದರೂ ಇರ್ತಾನೆ.

ಆ ಮನುಷ್ಯನೇ ಇಲ್ಲದ ಟೋಲ್ ಈಗ ಬರ್ತಾ ಇದೆ. ಗುಜರಾತಿನ ಚೋರ್ಯಾಸಿ ಟೋಲ್‌ಗೆ ಇದರ ಒಪ್ಪಂದ 2025ರ ಆಗಸ್ಟ್‌ನಲ್ಲೇ ಆಗಿದೆ. ಗಾಡಿ ನಿಲ್ಲುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಹಣ ಹೋಗುತ್ತದೆ. ಕಂಪ್ಯೂಟರಿಗೆ ಗೊತ್ತಿರುವುದು ನಿಯಮ ಮಾತ್ರ. ಹೆದ್ದಾರಿ ಶುಲ್ಕ ನಿಯಮದಲ್ಲಿ 20 ಕಿ.ಮೀ. ಒಳಗಿನ ಸ್ವಂತ ಬಳಕೆಯ ಗಾಡಿಗೆ ಇರುವುದು ಕಡಿಮೆ ದರದ ತಿಂಗಳ ಪಾಸ್, ಜಿಲ್ಲೆಯಲ್ಲೇ ನೋಂದಣಿಯಾದ ಹಳದಿ ಬೋರ್ಡಿಗೆ ಅರ್ಧ ದರ. ಪೂರ್ತಿ ವಿನಾಯಿತಿ ಆ ಪುಸ್ತಕದಲ್ಲಿ ಇಲ್ಲ. ಬ್ರಹ್ಮಾವರದಿಂದ ದಿನಕ್ಕೆರಡು ಸಲ ಸಾಮಾನು ತರುವ ಅಂಗಡಿಯವರ ಟೆಂಪೋಗೆ ಇದು ಸಣ್ಣ ಖರ್ಚಲ್ಲ.

ಹಾಗಾಗಿ ಸ್ಥಳೀಯ ಪಂಚಾಯತ್‌ಗಳು ಈಗಲೇ ಮಾಡಬೇಕಾದ ಕೆಲಸ ಬಹಳ ಸಾದಾ. ವ್ಯಾಪ್ತಿಯ ಗಾಡಿಗಳ ನಂಬರ್ ಪಟ್ಟಿ ಮಾಡಿ, ಹಳದಿ ಬೋರ್ಡನ್ನೂ ಸೇರಿಸಿ, ಜಿಲ್ಲಾಧಿಕಾರಿ ಮೂಲಕ ಹೆದ್ದಾರಿ ಪ್ರಾಧಿಕಾರಕ್ಕೆ ಕೊಟ್ಟು ಲಿಖಿತ ಆದೇಶ ಕೇಳುವುದು. ಗೇಟು ತೆಗೆದ ಮೇಲೆ ಪ್ರತಿಭಟನೆಗೆ ಕೂರಲು ಜಾಗ ಸಿಕ್ಕೀತು, ಮಾತಾಡಲು ಎದುರಿಗೆ ಯಾರೂ ಇರುವುದಿಲ್ಲ.

ಇನ್ನು ರಸ್ತೆ. 2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ 700 ರೀತಿಯ ಕಾರುಗಳಲ್ಲಿ ಗೆರೆ ನೋಡಿ ತಾನೇ ಸ್ಟೀರಿಂಗ್ ಸರಿಮಾಡುವ ವ್ಯವಸ್ಥೆ ಇದೆ. ಕರಾವಳಿಯ ಮಳೆಗೆ ಗೆರೆ ಅಳಿಸಿದರೆ ಅದಕ್ಕೆ ದಾರಿ ಕಾಣದು. ಹೆದ್ದಾರಿಯ ಗೆರೆ ಪ್ರಾಧಿಕಾರದ್ದು, ಒಳರಸ್ತೆಯ ದೀಪ, ಬೋರ್ಡು ಪಂಚಾಯತ್‌ದು. ಹಂಗಾರಕಟ್ಟೆ ಕಡೆ ತಿರುಗುವಲ್ಲಿ ಅಡ್ಡ ನಿಲ್ಲಿಸಿದ ಬೈಕುಗಳು ಮಾತ್ರ ಯಾವ ಇಲಾಖೆಯದ್ದೂ ಅಲ್ಲ.